ಹಳೇ ಕಾರ್ಬನ್ ಟ್ರ್ಯಾಕ್ ಸೈಕಲ್: ಓಡಿಸಬಹುದಾ, ಎಲ್ಲಿಂದ ಶುರು ಮಾಡೋದು?

ಕೇಳಿದವರು (ಬೆಂಗಳೂರು):
ಇಂಗ್ಲೆಂಡಿನಲ್ಲಿದ್ದ ನನ್ನ ಸೋದರಮಾವ ಊರಿಗೆ ವಾಪಸ್ ಬರುವಾಗ ತಮ್ಮ ಹಳೇ ಟ್ರ್ಯಾಕ್ ಸೈಕಲ್ (ರೇಸ್ ಟ್ರ್ಯಾಕ್ ಮೇಲೆ ಓಡಿಸಲೆಂದೇ ಮಾಡಿದ್ದು) ತಂದು ನನಗೆ ಕೊಟ್ಟಿದ್ದಾರೆ. ಇಟಲಿಯ ಅಲಾನ್ ಕಾರ್ಬೋನಿಯೊ, 1980ರ ದಶಕದ್ದು. ಕಪ್ಪು ಕಾರ್ಬನ್ ಕೊಳವೆಗಳು, ಸೇರುವ ಕಡೆಯೆಲ್ಲ ಅವನ್ನು ಕೂಡಿಸುವ ಅಲ್ಯೂಮಿನಿಯಂ ಜೋಡಣೆ ತುಂಡು, ಅಂದರೆ ಲಗ್. ಬ್ರೇಕ್ ಇಲ್ಲ, ಗೇರ್ ಇಲ್ಲ. ಸೀಟ್ ಪೋಸ್ಟ್ ಒಂಚೂರೂ ಅಲ್ಲಾಡುತ್ತಿಲ್ಲ. ಪೆಡಲ್ ತುಳಿದರೆ ಕೆಳಗಡೆ ಎಲ್ಲೋ ಟಿಕ್ ಟಿಕ್ ಸದ್ದು. ಹೊಸ ಬಣ್ಣ ಹೊಡೆಸಿ ಓಡಿಸುವ ಆಸೆ. ಅನುಭವ ಇರುವವರು ದಯವಿಟ್ಟು ಹೇಳಿ.

ಉತ್ತರ (ಲಂಡನ್):
ಒಳ್ಳೇ ಸೈಕಲ್ ಸಿಕ್ಕಿದೆ ನಿಮಗೆ. ಆದರೆ ಬಣ್ಣದ ಯೋಚನೆ ಸದ್ಯಕ್ಕೆ ಬಿಡಿ, ಮೊದಲು ಆ ಟಿಕ್ ಟಿಕ್ ಎಲ್ಲಿಂದ ಬರುತ್ತಿದೆ ಅಂತ ಹುಡುಕಿ.

ಹಳೇ ಕಾರ್ಬನ್ ಟ್ರ್ಯಾಕ್ ಸೈಕಲ್ ಅಂದರೆ ಎಲ್ಲರಿಗೂ ನೆನಪಾಗುವುದು ಲೋಟಸ್ 108. 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ ಕ್ರಿಸ್ ಬೋರ್ಡ್‌ಮನ್ ಚಿನ್ನ ಗೆದ್ದಿದ್ದು ಅದರ ಮೇಲೆ. ಅದರಲ್ಲಿ ಲಗ್ಗೇ ಇಲ್ಲ, ಇಡೀ ಫ್ರೇಮ್ ಅಚ್ಚಿನಲ್ಲಿ ಮಾಡಿದ್ದು. ನಿಮ್ಮದು ಅದಕ್ಕೂ ಹಿಂದಿನ ತಲೆಮಾರು. ಉಕ್ಕಿನ ಸೈಕಲ್ ಕಟ್ಟುವ ರೀತಿಯಲ್ಲೇ ಕೊಳವೆಗಳನ್ನು ಲಗ್‌ಗೆ ಕೂರಿಸಿ ಕಟ್ಟಿದ್ದು. ನನಗಂತೂ ಇವೇ ಜಾಸ್ತಿ ಇಷ್ಟ, ಕಟ್ಟಿದವರ ಕೈಕೆಲಸ ಕಣ್ಣಿಗೆ ಕಾಣುತ್ತೆ.

ನಾನಿಲ್ಲಿ ಹರ್ನ್ ಹಿಲ್ ವೆಲೋಡ್ರೋಮ್‌ಗೆ ಹೋಗುತ್ತಿರುತ್ತೇನೆ. 1891ರ ಟ್ರ್ಯಾಕ್ ಅದು, 1948ರ ಒಲಿಂಪಿಕ್ಸ್‌ನ ಟ್ರ್ಯಾಕ್ ಸ್ಪರ್ಧೆಗಳು ನಡೆದ ಜಾಗ. ಹಳೇ ಸೈಕಲ್ ಇಟ್ಟುಕೊಂಡಿರುವ ಗೆಳೆಯರು ಅಲ್ಲಿ ತುಂಬ ಜನ. ಅವರೆಲ್ಲ ಹೇಳುವುದೂ ನಾನು ನೋಡಿರುವುದೂ ಒಂದೇ: ಈ ಫ್ರೇಮ್‌ಗಳಲ್ಲಿ ಕಾರ್ಬನ್ ಕೊಳವೆ ಅಷ್ಟು ಸುಲಭಕ್ಕೆ ಕೆಡುವುದಿಲ್ಲ. ಕೈ ಕೊಡುವುದು ಕೊಳವೆ ಲಗ್‌ಗೆ ಅಂಟಿರುವ ಜಾಗ. ಕಾರ್ಬನ್‌ನಲ್ಲಿ ವಿದ್ಯುತ್ ಹರಿಯುತ್ತೆ. ಅದು ಅಲ್ಯೂಮಿನಿಯಂಗೆ ತಾಗಿಕೊಂಡಿದ್ದು, ನಡುವೆ ಬೆವರಿನ ಉಪ್ಪುನೀರು ಸೇರಿದರೆ ಅಲ್ಯೂಮಿನಿಯಂ ಸವೆಯಲು ಶುರುವಾಗುತ್ತೆ. ಬಿಳಿ ಪುಡಿ ಕಟ್ಟುತ್ತೆ. ಆ ಪುಡಿ ಉಬ್ಬಿ ಅಂಟನ್ನು ಒಳಗಿಂದಲೇ ಬಿಡಿಸುತ್ತೆ. ಅಲಾನ್‌ನವರು ಅಂಟಿನ ಜೊತೆಗೆ ತಿರುಪನ್ನೂ ಬಳಸುತ್ತಿದ್ದರು, ಹಾಗಾಗಿ ಪೂರ್ತಿ ಕಳಚಿಕೊಳ್ಳುವ ಮೊದಲು ಹೀಗೆ ಸದ್ದು ಮಾಡಿ ಎಚ್ಚರಿಸುವುದುಂಟು.

ಹೀಗೆ ನೋಡಿ. ಮೊದಲು ಪೆಡಲ್, ಕ್ರ್ಯಾಂಕ್ (ಪೆಡಲ್ ಕೂರುವ ತೋಳು), ಬಾಟಮ್ ಬ್ರಾಕೆಟ್ (ಕ್ರ್ಯಾಂಕ್‌ಗಳ ನಡುವಿನ ಬೇರಿಂಗ್) ಎಲ್ಲ ಬಿಚ್ಚಿ, ಗ್ರೀಸ್ ಹಾಕಿ ಬಿಗಿ ಮಾಡಿ. ಎಷ್ಟೋ ಸಲ ಸದ್ದು ಅಲ್ಲಿಗೇ ನಿಲ್ಲುತ್ತೆ. ನಿಲ್ಲದಿದ್ದರೆ ಸೈಕಲ್ ಪಕ್ಕ ನಿಂತು, ಪೆಡಲ್ ಕೆಳಗಿರುವಾಗ ಕಾಲಿನಿಂದ ಪಕ್ಕಕ್ಕೆ ಒತ್ತಿ. ಇನ್ನೊಬ್ಬರು ಲಗ್ಗಿನ ಅಂಚಿಗೆ ಉಗುರು ಒತ್ತಿ ಹಿಡಿದಿರಲಿ. ಕೊಳವೆಗೂ ಲಗ್‌ಗೂ ನಡುವೆ ಕೂದಲಿನಷ್ಟು ಚಲನೆ ಇದ್ದರೂ ಉಗುರಿಗೆ ಗೊತ್ತಾಗುತ್ತೆ. ಅಂಚಿನಲ್ಲಿ ಬಿಳಿ ಪುಡಿಯೋ ಬಣ್ಣದಲ್ಲಿ ಉಂಗುರದಂಥ ಸೀಳೋ ಕಂಡರೆ ಅನುಮಾನವೇ ಬೇಡ, ಆ ಜಾಗದ ಅಂಟು ಬಿಟ್ಟಿದೆ. ಸರಿಮಾಡುವ ತನಕ ಹತ್ತಲೇಬೇಡಿ.

ಸೀಟ್ ಪೋಸ್ಟ್ ವಿಷಯದಲ್ಲಿ ತುಂಬ ಹುಷಾರು. ಉಕ್ಕಿನ ಫ್ರೇಮ್ ಆದರೆ ಪೋಸ್ಟನ್ನು ವೈಸ್‌ಗೆ ಹಾಕಿ ಫ್ರೇಮನ್ನೇ ತಿರುಗಿಸುತ್ತಾರೆ. ಇದಕ್ಕೆ ಅದನ್ನು ಮಾಡಲೇಬಾರದು, ಪೋಸ್ಟ್ ಬಿಡುವ ಮೊದಲು ಲಗ್ಗಿನ ಅಂಟು ಬಿಡುತ್ತೆ. ಬ್ಲೋ ಟಾರ್ಚ್ ಕೂಡ ಬೇಡ, ಬಿಸಿಗೆ ಲಗ್ಗಿನ ಎಪಾಕ್ಸಿ ಅಂಟು ಮೆತ್ತಗಾಗುತ್ತೆ. ಬೋಲ್ಟ್ ತೆಗೆದು, ಸೈಕಲ್ ತಲೆಕೆಳಗೆ ಮಾಡಿ, ಬಾಟಮ್ ಬ್ರಾಕೆಟ್ ಕಡೆಯಿಂದ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ದಿನಗಟ್ಟಲೆ ಕಾಯಿರಿ. ಆಮೇಲೆ ಕೈಯಲ್ಲೇ ಅಲ್ಲಾಡಿಸಿ ನೋಡಿ. ಬಗ್ಗದಿದ್ದರೆ ಪೋಸ್ಟನ್ನು ಮೇಲೆ ಕತ್ತರಿಸಿ, ಹ್ಯಾಕ್ಸಾ ಬ್ಲೇಡಿನಿಂದ ಒಳಗಡೆ ಉದ್ದಕ್ಕೆ ಸೀಳಿ, ಒಳಕ್ಕೆ ಮಡಚಿ ತೆಗೆಯಬೇಕು. ತಾಳ್ಮೆ ಬೇಡುವ ಕೆಲಸ, ಆದರೆ ಫ್ರೇಮ್ ಉಳಿಯುತ್ತೆ. ಹೊಸ ಪೋಸ್ಟ್ ತರಿಸುವ ಮುಂಚೆ ವರ್ನಿಯರ್‌ನಲ್ಲಿ ಅಳೆಯಿರಿ. ಮಾಮೂಲಿ 27.2 ಮಿಮೀ ಇರಬಹುದು ಅಂದುಕೊಳ್ಳಬೇಡಿ, ಆ ಕಾಲದ ಅಂಟಿಸಿದ ಫ್ರೇಮ್‌ಗಳಲ್ಲಿ 25 ಮಿಮೀ ಆಸುಪಾಸಿನವೂ ಇವೆ.

ಉತ್ತರ (ಬೆಂಗಳೂರು, ವಿಮಾನದ ಬಿಡಿಭಾಗಗಳ ಕಾಂಪೊಸಿಟ್ ಕೆಲಸ ಮಾಡುವವರು):
ಮೇಲಿನವರು ಹೇಳಿದ್ದು ಸರಿ. ಕೊಳವೆಗಳನ್ನೂ ಒಮ್ಮೆ ತಟ್ಟಿ ನೋಡಿ. ಒಂದು ನಾಣ್ಯದಿಂದ ಉದ್ದಕ್ಕೂ ಮೆಲ್ಲಗೆ ತಟ್ಟುತ್ತಾ ಹೋಗಿ. ಸದ್ದು ಟಣ್ ಅಂತ ಒಂದೇ ಸಮ ಇರಬೇಕು. ಎಲ್ಲಾದರೂ ಮಂಕಾಗಿ ಡಬ್ ಅಂದರೆ ಅಲ್ಲಿ ಪದರ ಬಿಟ್ಟಿರಬಹುದು. ಮಾವನಿಗೆ ಫೋನ್ ಮಾಡಿ, ಎಲ್ಲಿ ಯಾವಾಗ ಬಿದ್ದಿದ್ದರು ಅಂತ ಕೇಳಿ. ತಟ್ಟುವಾಗ ಆ ಜಾಗಗಳ ಮೇಲೆ ಜಾಸ್ತಿ ಗಮನ ಇರಲಿ.

ಲಗ್ ಮತ್ತೆ ಅಂಟಿಸಬಹುದು. ಆದರೆ ಅಂಚಿನಲ್ಲಿ ಅಂಟು ಸುರಿದರೆ ಪ್ರಯೋಜನವಿಲ್ಲ. ಜಾಯಿಂಟ್ ಪೂರ್ತಿ ಬಿಡಿಸಿ, ಪುಡಿಯೆಲ್ಲ ಉಜ್ಜಿ ತೆಗೆದು, ಸ್ಟ್ರಕ್ಚರಲ್ ಎಪಾಕ್ಸಿ ಹಾಕಬೇಕು. ನಡುವೆ ತೆಳ್ಳಗೆ ಗ್ಲಾಸ್ ಫೈಬರ್ ಪದರ ಕೊಟ್ಟರೆ ಕಾರ್ಬನ್ನು ಲೋಹಕ್ಕೆ ತಾಗುವುದಿಲ್ಲ, ಮತ್ತೆ ಪುಡಿ ಕಟ್ಟುವುದೂ ತಪ್ಪುತ್ತೆ. ಅಂಟು ಒಣಗುವ ತನಕ ಫ್ರೇಮ್ ನೇರ ಇರಲು ಜಿಗ್ (ಅಲ್ಲಾಡದಂತೆ ಹಿಡಿದಿಡುವ ಚೌಕಟ್ಟು) ಬೇಕೇ ಬೇಕು. ಮನೆಯಲ್ಲಿ ಆಗುವ ಕೆಲಸವಲ್ಲ, ಕಾರ್ಬನ್ ರಿಪೇರಿ ಗೊತ್ತಿರುವವರ ಕೈಗೇ ಕೊಡಿ.

ಪೇಂಟ್ ರಿಮೂವರ್ ಮುಟ್ಟಬೇಡಿ, ಅದು ಕಾರ್ಬನ್ ಹಿಡಿದಿರುವ ರೆಸಿನ್ನನ್ನೂ ತಿನ್ನುತ್ತೆ. ವಾಟರ್ ಪೇಪರ್‌ನಲ್ಲಿ (ಒದ್ದೆ ಮಾಡಿ ಉಜ್ಜುವ ಉಪ್ಪುಕಾಗದ), 400 ನಂಬರಿನಿಂದ ಶುರು ಮಾಡಿ, ಒದ್ದೆ ಮಾಡಿಕೊಂಡು ಕೈಯಲ್ಲೇ ಉಜ್ಜಿ. ನೀರು ಕಪ್ಪಾಗಲು ಶುರುವಾದರೆ ನೀವು ಫೈಬರ್ ಮುಟ್ಟಿದ್ದೀರಿ ಅಂತ ಅರ್ಥ, ತಕ್ಷಣ ನಿಲ್ಲಿಸಿ. ಮಾಸ್ಕ್ ಹಾಕಿಕೊಳ್ಳಿ. ಕೊನೆಗೆ ಬಿಸಿಲು ತಡೆಯುವ ಕ್ಲಿಯರ್ ಕೋಟ್ ಸಾಕು. ಈ ಸೈಕಲ್‌ನ ಅಂದವೇ ಕಪ್ಪು ಕೊಳವೆ, ಬೆಳ್ಳಿ ಲಗ್. ಅದರ ಮೇಲೆ ಬಣ್ಣ ಬಳಿಯಬೇಡಿ ಅಂತ ನನ್ನ ಕಳಕಳಿಯ ಮನವಿ.

ಉತ್ತರ (ವಿಜಯಪುರ):
ಸರ್, ರಸ್ತೆಗೆ ತಗೊಂಡು ಹೋಗಬೇಡಿ. ಫಿಕ್ಸೆಡ್ ವೀಲ್‌ನಲ್ಲಿ (ಚಕ್ರ ತಿರುಗಿದಷ್ಟೂ ಪೆಡಲ್ ತಿರುಗುತ್ತೆ) ಕಾಲಿನಿಂದಲೇ ತಡೆಯಬೇಕು, ನಮ್ಮ ಟ್ರಾಫಿಕ್‌ಗೆ ಅದು ಆಗಲ್ಲ. ಬ್ರೇಕ್ ಕೂರಿಸೋಣ ಅಂತ ಫೋರ್ಕಿಗೆ ತೂತು ಕೊರೆಸುವುದಂತೂ ಬೇಡವೇ ಬೇಡ.

ಬಿಡಿಭಾಗ ಹುಡುಕುವಾಗ: ಹಿಂದಿನ ಹಬ್ 120 ಮಿಮೀ ಇರಬೇಕು, ರೋಡ್ ಸೈಕಲ್‌ನ ಹಬ್ ಕೂರಲ್ಲ. ಚೈನ್ 1/8 ಇಂಚಿನದು. ನಮ್ಮ ಮಾಮೂಲಿ ಸಿಂಗಲ್ ಸ್ಪೀಡ್ ಸೈಕಲ್‌ನ ಚೈನ್ ಅಳತೆಯೂ ಅದೇ, ಜೋಡಿಸಿ ನೋಡಲು ಅದನ್ನೇ ಹಾಕಿ. ಜೋರಾಗಿ ತುಳಿಯುವುದಾದರೆ ಮಾತ್ರ ಒಳ್ಳೇ ಟ್ರ್ಯಾಕ್ ಚೈನ್ ತರಿಸಿ. ಹಿಂದಿನ ಹಲ್ಲುಚಕ್ರವನ್ನು ಬಿಗಿಹಿಡಿಯುವ ಬಳೆ, ಅಂದರೆ ಲಾಕ್‌ರಿಂಗ್, ಉಲ್ಟಾ ತಿರುಪಿನದು.

ಬಾಟಮ್ ಬ್ರಾಕೆಟ್ ಬಿಚ್ಚುವ ಮೊದಲು ಅದು ಕೂರುವ ಅಡ್ಡ ಕೊಳವೆಯ ಅಗಲ ಅಳೆಯಿರಿ. 70 ಮಿಮೀ ಇದ್ದರೆ ಇಟಲಿಯ ತಿರುಪು, ಎರಡೂ ಕಡೆ ಮಾಮೂಲಿಯಾಗಿ ಎಡಕ್ಕೆ ತಿರುಗಿಸಿದರೆ ಬಿಚ್ಚುತ್ತೆ. 68 ಇದ್ದರೆ ಸಾಮಾನ್ಯವಾಗಿ ಇಂಗ್ಲಿಷ್ ತಿರುಪು, ಅದರಲ್ಲಿ ಚೈನ್ ಕಡೆಯ ಕಪ್ (ಬೇರಿಂಗ್ ಹಿಡಿಯುವ ತಿರುಪಿನ ಬಿಲ್ಲೆ) ಉಲ್ಟಾ. ಇದನ್ನು ನಿಮ್ಮ ಮೆಕ್ಯಾನಿಕ್‌ಗೆ ಸ್ಪ್ಯಾನರ್ ಕೊಡುವ ಮೊದಲೇ ಹೇಳಿ.