ಅಳ್ತಾ ಅಳ್ತಾ ಸಹಿ ಹಾಕ್ಬೇಡ ಅಂತ ಹೇಳು

ಹಲೋ. ಹಲೋ, ಬರ್ತಾ ಇದೆಯಾ? ಸರಿ. ಮಗಾ, ನೀನು ರಾತ್ರಿ ಮಂಡ್ಯದಿಂದ ಹಾಕಿದ್ದ ಮೆಸೇಜು ಬೆಳಿಗ್ಗೆ ನೋಡಿದೆ. ಜರ್ಮನಿಯ ಕಲೋನಲ್ಲಿ ಆಸ್ಪತ್ರೆ ಕೆಲಸಕ್ಕೆ ಹೋಗಿರೋ ನಿನ್ನ ಮಗಳು ಪುಟ್ಟಿ ಸಂಬಳದ ಚೀಟೀಲಿ ಚರ್ಚಿಗೆ ಅಂತ ದುಡ್ಡು ಹಿಡ್ಕೊಂಡಿದ್ದಾರೆ, ಜೊತೇಲಿ ಡ್ಯೂಟಿ ಮಾಡೋ ಹುಡುಗೀರು ಕೋರ್ಟಿಗೆ ಹೋಗಿ ಒಂದು ಸಹಿ ಹಾಕಿ ಬಾ, ನಿಂತುಹೋಗುತ್ತೆ ಅಂತಿದ್ದಾರೆ, ಇವಳು ನೋಡಿದ್ರೆ ಭಾನುವಾರ ಖಾಲಿ ಚರ್ಚಲ್ಲಿ ಕೂತ್ಕೊಂಡು ಅಳ್ತಾಳೆ, ಏನು ಮಾಡೋದು ದೊಡ್ಡಮ್ಮ ಅಂತ ಕೇಳಿದ್ದೀಯ. ಅವಳು ಕಳಿಸಿದ ಫೋಟೋನೂ ನೋಡಿದೆ. ಅಲ್ಲಿನ ದೊಡ್ಡ ಚರ್ಚು, ಕಲೋನ್ ಡೋಮ್ ಮುಂದೆ ನಿಂತು ‘ನಮ್ಮ ಫಿಲೋಮಿನಾ ಥರಾನೇ ಇದೆ ಅಜ್ಜಿ’ ಅಂತ ಬರ್ದಿದ್ದಾಳಲ್ಲ, ಅದನ್ನ ಓದಿದ ಮೇಲೆ ಕಾಫಿ ಲೋಟ ಹಾಗೇ ಆರಿಹೋಯ್ತು ನಂಗೆ.

ಥರಾ ಏನ್ ಬಂತು, ಅದನ್ನ ನೋಡ್ಕೊಂಡೇ ಮೈಸೂರಿನ ನಮ್ಮ ಸಂತ ಫಿಲೋಮಿನಾ ಚರ್ಚ್ ಕಟ್ಟಿದ್ದು. 1933ರಲ್ಲಿ ನಾಲ್ವಡಿಯವರು ಕಲ್ಲು ಇಟ್ಟಿದ್ದು, ಅದು ನಿಮಗೆಲ್ಲ ಗೊತ್ತು. ಅದಕ್ಕೆ ಮುಂಚೆ ಅದೇ ಜಾಗದಲ್ಲಿ ಚಿಕ್ಕ ಚರ್ಚ್ ಇತ್ತು, ಮುಮ್ಮಡಿಯವರ ಕಾಲದ್ದು, 1843ರದ್ದು. ನಮ್ಮದು 175 ಅಡಿ, ಅಲ್ಲಿದು 157 ಮೀಟರ್. ಅಡಿ ಲೆಕ್ಕದಲ್ಲಿ ಐನೂರು ದಾಟುತ್ತೆ. ಆದರೆ ಹೊಸದಾಗಿ ಹೋದ ಹುಡುಗಿ ಕಣ್ಣಿಗೆ ಆ ಲೆಕ್ಕ ಎಲ್ಲಿ ಕಾಣುತ್ತೆ? ಎರಡು ಗೋಪುರ ಕಂಡ್ವು ಅಂದ್ರೆ ಆಯ್ತು, ಅಶೋಕ ರಸ್ತೆಗೇ ಬಂದು ನಿಂತ ಹಾಗೆ.

ಮೊದಲು ಒಂದು ಮಾತು ಹೇಳ್ಬಿಡ್ತೀನಿ, ಆಮೇಲೆ ಮರ್ತುಹೋಗುತ್ತೆ. ಅಳ್ತಾ ಇರೋವಾಗ ಯಾವ ಕಾಗದಕ್ಕೂ ಸಹಿ ಹಾಕ್ಬೇಡ ಅಂತ ಹೇಳು ಅವಳಿಗೆ. ಚರ್ಚಿಂದ ಹೊರಗೆ ಬರೋಕಾಗ್ಲಿ, ಒಳಗೆ ಹೋಗೋಕಾಗ್ಲಿ.

ಒಳಗೆ ಹೋಗೋಕೆ ಸಹಿ ಹಾಕಿದವಳು ನಾನು. ನಿಮ್ಮಮ್ಮನಿಗೆ ಗೊತ್ತಿತ್ತು, ನಿಮಗೆ ಯಾರಿಗೂ ಪೂರ್ತಿ ಗೊತ್ತಿಲ್ಲ.

ನಾನು ಹೋಗಿದ್ದು 1971ರಲ್ಲಿ, ಅಕ್ಟೋಬರ್. ಹತ್ತೊಂಬತ್ತು ವರ್ಷ. ಆಗ ಕೇರಳದ ಹುಡುಗೀರು ಗುಂಪುಗುಂಪಾಗಿ ಜರ್ಮನಿಗೆ ನರ್ಸಿಂಗ್ ಕಲಿಯಕ್ಕೆ ಹೋಗ್ತಿದ್ರಲ್ಲ, ಅವರ ಮಧ್ಯೆ ನಾನೊಬ್ಬಳು ಮೈಸೂರವಳು. ಬೊಂಬಾಯಿಂದ ವಿಮಾನ, ಫ್ರಾಂಕ್‌ಫರ್ಟಿಂದ ರೈಲು. ಕಲೋನ್ ಸ್ಟೇಷನ್ನಿಂದ ಹೊರಗೆ ಕಾಲಿಟ್ರೆ ಎದುರಿಗೇ ನಿಂತಿರುತ್ತೆ ಡೋಮು, ಹುಡುಕೋ ಹಾಗೇ ಇಲ್ಲ. ನಂಗೆ ಮೊದಲು ಅನ್ನಿಸಿದ್ದೇನು ಗೊತ್ತಾ? ಅಯ್ಯೋ, ನಮ್ಮ ಚರ್ಚಿಗೆ ಯಾರೋ ಮಸಿ ಬಳಿದುಬಿಟ್ಟಿದ್ದಾರಲ್ಲಪ್ಪ ಅಂತ. ಅಷ್ಟು ಕಪ್ಪು. ಕೇರಳದ ಹುಡುಗೀರು ಚಳಿಗೆ ನಡುಗ್ತಾ ನಿಂತಿದ್ರೆ ನಾನು ನಗ್ತಾ ನಿಂತಿದ್ದೆ.

ನಗು ಆ ಚಳಿಗಾಲಕ್ಕೇ ಮುಗೀತು. ಭಾಷೆ ಬರಲ್ಲ, ಆಲೂಗಡ್ಡೆ ಬಿಟ್ರೆ ಊಟ ಇಲ್ಲ, ನಾಲ್ಕು ಗಂಟೆಗೇ ಕತ್ತಲೆ. ಕಾಗದ ಹೋಗಿ ಬರಕ್ಕೆ ಒಂದು ತಿಂಗಳು. ಪುಟ್ಟಿಗೇನು, ದಿನಾ ನಿನ್ನ ಮುಖ ವಿಡಿಯೋದಲ್ಲಿ ನೋಡ್ತಾಳೆ. ಆದರೂ ಅಳ್ತಾಳೆ ನೋಡು.

1972, ಆಗಸ್ಟ್. 11ನೇ ತಾರೀಕು ಫಿಲೋಮಿನಮ್ಮನ ಹಬ್ಬ, ಅದು ಮುಗಿದ ಭಾನುವಾರ. ಇಲ್ಲಿ ತೇರು, ದೀಪ, ಬ್ಯಾಂಡು. ಅಲ್ಲಿ ಜೊತೆಯವರನ್ನ ಕೇಳಿದ್ರೆ ಫಿಲೋಮಿನಾ ಯಾರು ಅಂತಾರೆ. 1961ರಲ್ಲೇ ರೋಮಿನವರು ಅವಳ ಹಬ್ಬನ ಕ್ಯಾಲೆಂಡರಿಂದ ತೆಗೆದುಬಿಟ್ಟಿದ್ರು. ನಮ್ಮಪ್ಪ ಅದನ್ನ ಕೇಳಿ ‘ರೋಮಿಗೆ ಬೇಡದಿದ್ರೆ ಬಿಡಲಿ, ಮೈಸೂರಿಗೆ ಬೇಕು’ ಅಂದು ಮಿಷನ್ ತುಳಿಯಕ್ಕೆ ಶುರು ಮಾಡಿದ್ರಂತೆ. ಸರಿ, ನಾನೊಬ್ಬಳೇ ಡೋಮಿಗೆ ಹೋದೆ. ಹಿಂದಿನ ಬೆಂಚಲ್ಲಿ ಕೂತೆ. ಪೂಜೆ ಜರ್ಮನ್ನಲ್ಲಿ ನಡೀತಿತ್ತು, ನಂಗೆ ಅರ್ಧಂಬರ್ಧ. ಇದ್ದಕ್ಕಿದ್ದ ಹಾಗೆ ‘ಕೀರಿಯೆ ಎಲೈಸೋನ್’ ಅಂತ ಎತ್ಕೊಂಡ್ರು ನೋಡು ರಾಗವಾಗಿ. ನಾವು ಚಿಕ್ಕವರಿದ್ದಾಗ ಇಲ್ಲಿ ಕನ್ನಡದ ಪೂಜೆ ಎಲ್ಲಿತ್ತು, ಎಲ್ಲಾ ಲ್ಯಾಟಿನ್ನು. ಕೀರಿಯೆ ಲ್ಯಾಟಿನ್ನೂ ಅಲ್ಲ, ಗ್ರೀಕು ಅಂತ ಆಮೇಲೆ ಒಬ್ಬ ಫಾದರ್ ಹೇಳಿದ್ರು. ಏನಾದ್ರೂ ಆಗ್ಲಿ, ಅದು ಕಿವಿಗೆ ಬಿತ್ತು, ಹಿಂದೇನೇ ಧೂಪದ ಹೊಗೆ ಬಂತು.

ಅಷ್ಟೇ. ನಾನು ಅಲ್ಲಿರಲಿಲ್ಲ. ಎಂಟು ವರ್ಷದವಳು ನಾನು, ನಮ್ಮ ಚರ್ಚಿನ ನೆಲಮಾಳಿಗೆಗೆ ಮೆಟ್ಟಿಲಿಳಿದು ಹೋಗ್ತಿದ್ದೀನಿ, ಮಲಗಿರೋ ಫಿಲೋಮಿನಮ್ಮನ ಪ್ರತಿಮೆ ನೋಡಕ್ಕೆ. ಅಪ್ಪನ ಕೈ ಹಿಡ್ಕೊಂಡಿದ್ದೀನಿ. ಅಪ್ಪನ ತೋರುಬೆರಳಲ್ಲಿ ಟೈಲರ್ ಚಾಕಿನ ಪುಡಿ ಯಾವಾಗಲೂ ಇರ್ತಿತ್ತು, ಹಿಡ್ಕೊಂಡ್ರೆ ನುಣ್ಣಗೆ ಜಾರ್ತಿತ್ತು. ಫಾದರ್‌ಗಳ ನಿಲುವಂಗಿ ಎಲ್ಲಾ ಹೊಲೀತಿದ್ದಿದ್ದು ಅವರೇ ಅಲ್ವಾ. ಆ ಚಾಕಿನ ನುಣುಪು ಡೋಮಲ್ಲಿ ನನ್ನ ಅಂಗೈಗೆ ಬಂತು ಕಣೇ, ಸುಳ್ಳಲ್ಲ. ಬಿಕ್ಕಿ ಬಿಕ್ಕಿ ಅತ್ತೆ. ಪಕ್ಕದಲ್ಲಿದ್ದ ಸಿಸ್ಟರ್ ಒಬ್ಬರು ಕರ್ಚೀಫು ಕೊಟ್ರು. ಮುಂದಿನ ವಾರ ಅವರ ಕಾನ್ವೆಂಟಿಗೆ ಕಾಫಿಗೆ ಕರೆದ್ರು. ಇದು ದೇವಕರೆ, ಅಂದ್ರೆ ಸಿಸ್ಟರ್ ಆಗು ಅಂತ ದೇವರೇ ಕರೆಯೋದು, ಇರಬಹುದಲ್ವಾ, ಯೋಚನೆ ಮಾಡು ಅಂದ್ರು. ಅವರ ತಪ್ಪೇನಿಲ್ಲ ಪಾಪ, ಯೋಚನೆ ಮಾಡು ಅಂತಲೇ ಅಂದಿದ್ದು. ಯೋಚನೆ ಮಾಡದೇ ಇದ್ದವಳು ನಾನು. ಹದಿನೈದು ದಿನಕ್ಕೆ ನರ್ಸಿಂಗ್ ಸ್ಕೂಲಿಗೆ ಬಿಡ್ತೀನಿ ಅಂತ ಬರ್ಕೊಟ್ಟೆ, ಕಾನ್ವೆಂಟಲ್ಲಿ ಸೇರ್ತೀನಿ ಅಂತ ಬರ್ಕೊಟ್ಟೆ. ಎರಡು ಸಹಿ. ಎರಡಕ್ಕೂ ಕಣ್ಣಲ್ಲಿ ನೀರು.

ಏಳು ತಿಂಗಳು ಇದ್ದೆ. ಬೆಳಗಿನ ಐದಕ್ಕೆ ಎದ್ದು ಪ್ರಾರ್ಥನೆ, ಆಮೇಲೆ ಉದ್ದದ ವರಾಂಡ ಒರೆಸೋದು. ಕೆಲಸಕ್ಕೆ ನಾನು ಹೆದರಿದವಳಲ್ಲ. ಮಾರ್ಚಲ್ಲಿ ಮನೆಯಿಂದ ಪಾರ್ಸಲ್ ಬಂತು. ನಮ್ಮಮ್ಮ ಬಟ್ಟೆ ಸುತ್ತಿ ಹೊಲಿದು ಅರಗು ಹಾಕಿ ಕಳಿಸಿದ್ದ ಚಟ್ನಿಪುಡಿ ಡಬ್ಬಿ. ಉಗ್ರಾಣದಲ್ಲಿ ಬಾಗಿಲು ಹಾಕ್ಕೊಂಡು, ನೆಲದ ಮೇಲೆ ಕೂತು, ಬೆರಳಲ್ಲಿ ಅದ್ದಿ ಅದ್ದಿ ತಿಂದೆ. ಅನ್ನ ಇಲ್ಲ, ಎಣ್ಣೆ ಇಲ್ಲ, ಬರೀ ಪುಡಿ. ಬಾಯಿ ಉರಿ, ಕಣ್ಣು ಉರಿ. ಅರ್ಧ ಡಬ್ಬಿ ಖಾಲಿಯಾಗೋ ಹೊತ್ತಿಗೆ ನನ್ನ ದೇವಕರೆನೂ ಖಾಲಿ. ನಂಗೆ ಬೇಕಾಗಿದ್ದಿದ್ದು ಮೈಸೂರು ಅಂತ ಆವಾಗ ಗೊತ್ತಾಯ್ತು. ಸಂಜೆ ಮದರ್ ಹತ್ರ ಹೋಗಿ ಹೇಳಿದೆ. ಅವರು ಬೈಲಿಲ್ಲ. ಬಾಯಿ ಒರೆಸ್ಕೋ ಅಂದ್ರು, ಕೆಂಪಗೆ ಅಂಟಿತ್ತು.

ಅಷ್ಟಕ್ಕೇ ಮುಗಿದಿದ್ರೆ ಇದು ನಗೋ ಕತೆ. ನರ್ಸಿಂಗಲ್ಲಿ ನನ್ನ ಸೀಟು ಬೇರೆಯವರಿಗೆ ಹೋಗಿತ್ತು. ಮೊದಲಿಂದ ಶುರು ಮಾಡಬೇಕಾಯ್ತು. ಮಠ ಸೇರೋಳಿಗೆ ಸ್ಟೈಪೆಂಡ್ ಎಲ್ಲಿಂದ ಬರುತ್ತೆ? ಅಷ್ಟು ತಿಂಗಳು ಮನೆಗೆ ದುಡ್ಡು ಕಳಿಸಿಲ್ಲ. ನನ್ನ ಟಿಕೇಟಿಗೆ ಅಪ್ಪ ಬಡ್ಡಿಗೆ ಸಾಲ ಮಾಡಿದ್ರು, ಹೊಲಿಗೆ ಮಿಷನ್ ಅಡ ಇಟ್ಟಿದ್ರು. ಕಂತು ನಿಂತ ಮೇಲೆ ಸಾಲ ಕೊಟ್ಟವನು ಮಿಷನ್ ಎತ್ಕೊಂಡು ಹೋದ. ಅಪ್ಪ ಬೇರೆಯವರ ಅಂಗಡೀಲಿ ಕಾಜಾ ಹಾಕಕ್ಕೆ ಕೂತ್ರಂತೆ. ಒಂದು ಕಾಗದದಲ್ಲೂ ಬರೀಲಿಲ್ಲ ನೋಡು. ‘ದೇವರ ಚಿತ್ತ, ಚೆನ್ನಾಗಿ ಪ್ರಾರ್ಥನೆ ಮಾಡು’ ಅಂತ ಬರೀತಿದ್ರು. ನಾಲ್ಕು ವರ್ಷ ಆದ ಮೇಲೆ ರಜಕ್ಕೆ ಬಂದಾಗ ಎದುರು ಮನೆಯವರು ಹೇಳಿ ಗೊತ್ತಾಗಿದ್ದು.

ಹಾಗಂತ ಪುಟ್ಟಿಗೆ ಕರೆ ಬರಬಾರದು ಅಂತಲ್ಲ. ಬರಲಿ. ನಮ್ಮ ಪಾಲಹಳ್ಳಿ ಕಡೆಯವರಲ್ಲಿ ಎಷ್ಟು ಜನ ಸಿಸ್ಟರ್‌ಗಳಿಲ್ಲ? ನಂಗೂ ಬಂತೋ ಏನೋ, ಬೇರೆ ಥರ. ಆಮೇಲೆ ಒಂದು ಸಲ ನೈಟ್ ಡ್ಯೂಟೀಲಿ ಒಬ್ಬ ಮುದುಕಿ, ಯುದ್ಧದಲ್ಲಿ ಗಂಡನ್ನ ಕಳ್ಕೊಂಡವಳು, ಕೈಯಲ್ಲಿ ಜಪಸರ, ಉಸಿರು ಎಳೀತಿದ್ದಾಳೆ. ನಿನ್ನ ಭಾಷೇಲಿ ಪ್ರಾರ್ಥನೆ ಹೇಳು ಅಂದಳು. ‘ನಮೋ ಮರಿಯಾ’ ಹೇಳಿದೆ, ಹತ್ತು ಮಣಿ. ಏನು ಅರ್ಥ ಆಯ್ತೋ, ನನ್ನ ಹೆಬ್ಬೆರಳು ಹಿಡ್ಕೊಂಡು ಮಲಗಿಬಿಟ್ಟಳು. ಆವತ್ತು ನಂಗೆ ಅಳು ಬರಲಿಲ್ಲ, ಅದನ್ನೇ ಹೇಳ್ತಿರೋದು. ಬೆಳಿಗ್ಗೆ ಬೆಡ್‌ಪ್ಯಾನ್ ತೊಳೆಯೋದಿತ್ತು, ತೊಳೆದೆ. ಆಮೇಲೆ ಅದೇ ಕೆಲಸ ಮೂವತ್ತು ವರ್ಷಕ್ಕೂ ಮೇಲೆ ಮಾಡಿದೆ, ಅಲ್ಲೂ ಇಲ್ಲೂ. ಮದುವೆ ಯಾಕೆ ಆಗ್ಲಿಲ್ಲ ಅಂತ ಕೇಳ್ಬೇಡಿ, ಅದು ಬೇರೆ ಆಡಿಯೋ.

ಆದ್ದರಿಂದ ಇನ್ನೊಂದು ಸಲ ಹೇಳ್ತೀನಿ, ಪುಟ್ಟಿಗೆ ಹೀಗೇ ಹೇಳು. ಕಣ್ಣೀರು ಒಣಗೋ ತನಕ ಪೆನ್ನು ಮುಟ್ಟಬಾರದು. ಊರು ನೆನಪಾಗಿ ಅಳು ಬಂದಿದ್ಯೋ, ದೇವರು ಕರೆದಿದ್ದಕ್ಕೆ ಬಂದಿದ್ಯೋ, ದೇವರ ಮೇಲೆ ಕೋಪಕ್ಕೆ ಬಂದಿದ್ಯೋ, ಅಳೋವಾಗ ಯಾರಿಗೂ ಗೊತ್ತಾಗಲ್ಲ.

ಸಹಿ ಅಂದ ಮೇಲೆ ಇನ್ನೊಂದು ಸಹಿ ನೆನಪಾಗುತ್ತೆ, ಹೇಳೇ ಬಿಡ್ತೀನಿ. ನನ್ನ ತಮ್ಮನ ಮಕ್ಕಳೂ ಈ ಗುಂಪಲ್ಲಿದ್ದಾರೆ, ಕೇಳಿಸ್ಕೊಳ್ಳಲಿ, ಡಿಲೀಟ್ ಮಾಡಿ ಅಂತ ಪ್ರೈವೇಟಾಗಿ ಮೆಸೇಜ್ ಹಾಕ್ಬೇಡಿ. 1989ರಲ್ಲಿ ಅಪ್ಪ ಹೋದ್ರು. ನಾನು ಬರೋ ಹೊತ್ತಿಗೆ ಮಣ್ಣು ಮಾಡಿ ಆಗಿತ್ತು. ಮೂರನೇ ದಿನ, ಇನ್ನೂ ಕಪ್ಪು ಸೀರೆ ಬಿಚ್ಚಿಲ್ಲ, ನನ್ನ ತಮ್ಮ ಆಟೋ ಕರ್ಕೊಂಡು ಬಂದ. ಅಕ್ಕಾ, ಬ್ಯಾಂಕಿಂದು ಒಂದು ಸಣ್ಣ ಸಹಿ ಅಂದ. ನೋಡಿದ್ರೆ ಸಬ್‌ರಿಜಿಸ್ಟ್ರಾರ್ ಆಫೀಸು, ಅಪ್ಪನ ಮನೆ ಮೇಲಿನ ಹಕ್ಕು ಬಿಡುಗಡೆ ಪತ್ರ. ಅಕ್ಷರ ಕಾಣ್ತಿರಲಿಲ್ಲ ನಂಗೆ, ಕನ್ನಡಕ ಒದ್ದೆ. ಹಾಕಿದೆ. ತಿಂಗಳು ತಿಂಗಳು ನಾನು ಮಾರ್ಕ್ ಕಳಿಸಿ ಹಾಕಿಸಿದ ತಾರಸಿ ಅದು, ನಾನು ಕೊಡಿಸಿದ ಹೊಸ ಮಿಷನ್ ಅಪ್ಪ ಇಟ್ಕೊಂಡಿದ್ದ ಕಿಟಕಿ ಅದು. ಅದನ್ನ ಮಾರಿ ಕಾಂಪ್ಲೆಕ್ಸ್ ಆಗಿದೆ ಈಗ, ಕೆಳಗೆ ಮೊಬೈಲ್ ಅಂಗಡಿ. ಆ ಕಡೆ ಹೋದಾಗೆಲ್ಲ ನಾನು ರಸ್ತೆ ದಾಟಿ ಆ ಬದೀಲಿ ನಡೀತೀನಿ. ದುಡ್ಡಿನ ಮಾತಲ್ಲ. ಅಪ್ಪನ ಕತ್ತರಿ ಆದ್ರೂ ಕೊಡ್ರೋ ಅಂದೆ, ಎಲ್ಲೋ ಹೋಯ್ತು ಅಂದ್ರು. ಕತ್ತರಿ ಎಲ್ಲಿಗೆ ಹೋಗುತ್ತೆ? ಜರ್ಮನಿ ಚಾಕ್ಲೇಟ್ ಮಾತ್ರ ಒಂದೂ ಕಳೆದುಹೋಗ್ತಿರಲಿಲ್ಲ ಆ ಮನೇಲಿ. ಹೋಗ್ಲಿ ಬಿಡು. ತಮ್ಮನೂ ಈಗಿಲ್ಲ.

ಏನೋ ಕೇಳಿದ್ಯಲ್ಲ ನೀನು... ಹಾ, ಆ ಟ್ಯಾಕ್ಸು. ಅಯ್ಯೋ, ಅದನ್ನೇ ಹೇಳ್ಲಿಲ್ಲ ನೋಡು.

ಅದು ಚರ್ಚ್ ತೆರಿಗೆ, ಕಿರ್ಖೆನ್‌ಷ್ಟಾಯರ್ ಅಂತಾರೆ. ಮೋಸ ಏನಿಲ್ಲ, ನನ್ನ ಹತ್ರನೂ ಹಿಡೀತಿದ್ರು. ಅವಳು ಹೋದ ಹೊಸದರಲ್ಲಿ ವಿಳಾಸ ನೋಂದಾಯಿಸಕ್ಕೆ ಊರಿನ ಆಫೀಸಿಗೆ ಹೋಗಿರ್ತಾಳಲ್ಲ, ಆ ಫಾರಮ್ಮಲ್ಲಿ ಧರ್ಮದ ಕಡೆ ರೋಮನ್ ಕ್ಯಾಥೊಲಿಕ್ ಅಂತ ಬರ್ದಿರ್ತಾಳೆ. ಅದು ತೆರಿಗೆಯವರಿಗೆ ಹೋಗುತ್ತೆ, ಸಂಬಳ ಕೊಡೋವಾಗ್ಲೇ ಕಟ್ ಆಗುತ್ತೆ. ನೀನು ಗಾಬರಿಯಾಗಿ ಸಂಬಳದ ಒಂಬತ್ತು ಪರ್ಸೆಂಟ್ ಅಂತ ಬರ್ದಿದ್ದೀಯ, ಹಾಗಲ್ಲ ಮಗಾ. ಸಂಬಳದ ಮೇಲೆ ಎಷ್ಟು ಇನ್‌ಕಮ್ ಟ್ಯಾಕ್ಸ್ ಬರುತ್ತೋ ಆ ಟ್ಯಾಕ್ಸಿನ ಒಂಬತ್ತು ಪರ್ಸೆಂಟು. ಟ್ಯಾಕ್ಸ್ 300 ಯೂರೋ ಬಂದ್ರೆ ಚರ್ಚಿಗೆ 27 ಯೂರೋ. ವರ್ಷ ಮುಗಿದ ಮೇಲೆ ರಿಟರ್ನ್ ಹಾಕಿದ್ರೆ ಈ ಕೊಟ್ಟಿದ್ದನ್ನ ಖರ್ಚು ಅಂತ ತೋರಿಸ್ಕೋಬಹುದು, ಸ್ವಲ್ಪ ವಾಪಸ್ ಬರುತ್ತೆ.

ಜೊತೆಯವರು ಹೇಳಿದ ಸಹಿ ಇದೆಯಲ್ಲ, ಅದು ಬರೀ ತೆರಿಗೆ ನಿಲ್ಲಿಸೋ ಸಹಿ ಅಲ್ಲ. ಅವಳಿರೋ ರಾಜ್ಯದಲ್ಲಿ ಕೋರ್ಟಿಗೆ ಹೋಗಿ 30 ಯೂರೋ ಕಟ್ಟಿ, ನಾನು ಚರ್ಚ್ ಬಿಟ್ಟೆ ಅಂತ ಹೇಳಿ ಬರೋದು. 2012ರಲ್ಲಿ ಅಲ್ಲಿನ ಬಿಷಪ್‌ಗಳು ಆದೇಶ ಮಾಡಿದ್ದಾರೆ, ಹಾಗೆ ಬಿಟ್ಟವರಿಗೆ ಪಾಪನಿವೇದನೆ ಇಲ್ಲ, ಪರಮಪ್ರಸಾದ ಇಲ್ಲ, ಯಾರ ಮಗುವಿಗೂ ಜ್ಞಾನತಾಯಿಯಾಗಿ, ಗಾಡ್‌ಮದರ್ ಅಂತಾರಲ್ಲ ಹಾಗೆ, ನಿಲ್ಲೋ ಹಾಗಿಲ್ಲ. ನಾಳೆ ಇಲ್ಲಿ ಬಂದು ಮದುವೆ ಅಂದ್ರೆ ಫಾದರ್ ಅಲ್ಲಿಂದ ಕಾಗದ ತಾ ಅಂತಾರೆ, ಆವಾಗ ಒದ್ದಾಟ. ಅವಳ ಆಸ್ಪತ್ರೆ ಕ್ಯಾಥೊಲಿಕ್‌ನವರದ್ದಾದ್ರೆ ಕೆಲಸಕ್ಕೂ ಕುತ್ತು ಬರಬಹುದು, ಅದನ್ನ ಮೊದಲು ಕೇಳ್ಕೊಳ್ಳಲಿ. ಬಿಡೋದೇ ಆದ್ರೆ ನಂಬಿಕೆ ಹೋಗಿ ಬಿಡಲಿ, ನಾನು ಬೇಡ ಅನ್ನಲ್ಲ. 27 ಯೂರೋಗೆ ಬೇಡ.

ಚರ್ಚ್ ಖಾಲಿ ಅಂತ ಅಳೋದಕ್ಕೆ ಔಷಧಿ, ಕಲೋನಲ್ಲಿ ನಮ್ಮ ದೇಶದವರ ಪೂಜೆ ಎಲ್ಲಿ ನಡೆಯುತ್ತೆ ಅಂತ ಕೇರಳದ ನರ್ಸ್‌ಗಳನ್ನ ಕೇಳಲಿ. ಅವರಿಲ್ಲದ ಆಸ್ಪತ್ರೆ ಆ ಊರಲ್ಲಿ ಇಲ್ಲ. ಪೂಜೆ ಆದ ಮೇಲೆ ಅವರು ಅನ್ನ ಸಾರು ಹಾಕದೆ ಕಳಿಸಲ್ಲ.

ಆ ಸಂಬಳದ ಚೀಟಿ ಫೋಟೋ ತೆಗೆದು ನಂಗೊಬ್ಬಳಿಗೇ ಕಳ್ಸು, ಗುಂಪಿಗೆ ಹಾಕ್ಬೇಡ. ಪೂರ್ತಿ ಹಾಳೆ ಬರಬೇಕು, ಹೋದ ಸಲದ ಥರ ಅರ್ಧ ಅಲ್ಲ. ಜರ್ಮನ್ ಇನ್ನೂ ಮರ್ತಿಲ್ಲ ನಾನು, ಒಂದೊಂದು ಸಾಲೂ ಓದಿ ಹೇಳ್ತೀನಿ. ಪುಟ್ಟಿಗೆ ಹೇಳು, ಅವಳ ಡ್ಯೂಟಿ ಮುಗಿದ ಮೇಲೆ ಎಷ್ಟೊತ್ತಾದ್ರೂ ಫೋನ್ ಮಾಡಲಿ, ಇಲ್ಲಿ ಮೂರೂವರೆ ಗಂಟೆ ಮುಂದೆ, ಚಳಿಗಾಲಕ್ಕೆ ನಾಲ್ಕೂವರೆ. ನಿದ್ದೆ ಬರಲ್ಲ ನಂಗೆ ಹೇಗೂ. ಚಟ್ನಿಪುಡಿ ಮುಗಿದಿದ್ಯಾ ಅಂತಲೂ ಕೇಳು.