ತಂದೆಗೆ ಬಿಪಿ ಇದ್ದರೆ ಮಕ್ಕಳಿಗೂ ಬಂದೇ ಬರುತ್ತದೆಯೇ?

ಪ್ರಶ್ನೆ: ಡಾಕ್ಟರರೇ, ನನಗೆ 34 ವರ್ಷ. ನಮ್ಮ ತಂದೆಯವರಿಗೆ 40 ದಾಟುವ ಮೊದಲೇ ಬಿಪಿ ಕಾಣಿಸಿಕೊಂಡು, 52ನೆಯ ವಯಸ್ಸಿನಲ್ಲಿ ಪಾರ್ಶ್ವವಾಯು ಆಯಿತು. ಚಿಕ್ಕಪ್ಪನವರೂ ಮಾತ್ರೆ ತೆಗೆದುಕೊಳ್ಳುತ್ತಾರೆ. "ರಕ್ತದಲ್ಲೇ ಇರುವುದನ್ನು ತಪ್ಪಿಸಲಾಗುವುದಿಲ್ಲ, ಬಂದಾಗ ಮಾತ್ರೆ ನುಂಗಿದರಾಯಿತು" ಎನ್ನುತ್ತಾನೆ ನನ್ನ ಅಣ್ಣ. ಕಳೆದ ತಿಂಗಳು ಒಮ್ಮೆ ನೋಡಿಸಿದಾಗ ನನ್ನದು 128/82 ಇತ್ತು. ಅಣ್ಣನ ಮಾತು ಸರಿಯೇ?

ಉತ್ತರ: ನಿಮ್ಮ ಅಣ್ಣನವರ ಮಾತಿನಲ್ಲಿ ಅರ್ಧ ಸತ್ಯವಿದೆ, ಆ ಅರ್ಧವೇ ಜನರನ್ನು ಕೈಕಟ್ಟಿ ಕೂರಿಸುತ್ತದೆ. ಅಪರೂಪದ ಕೆಲವು ಕಾಯಿಲೆಗಳನ್ನು ಬಿಟ್ಟರೆ ರಕ್ತದೊತ್ತಡವು ಒಂದೇ ವಂಶವಾಹಿಯಿಂದ ಬರುವುದಿಲ್ಲ. ಅಲ್ಪಸ್ವಲ್ಪ ಪ್ರಭಾವ ಬೀರುವ ಅನೇಕ ವಂಶವಾಹಿಗಳು ಸೇರಿ ಒಲವನ್ನಷ್ಟೇ ಕೊಡುತ್ತವೆ. ಅದರ ಜೊತೆಗೆ ಒಂದೇ ಅಡುಗೆಮನೆಯ ಉಪ್ಪಿನ ರುಚಿ, ಕುಳಿತೇ ದಿನ ಕಳೆಯುವ ಅಭ್ಯಾಸ ಮತ್ತು ಮೈತೂಕವೂ ತಂದೆಯಿಂದ ಮಕ್ಕಳಿಗೆ ಬರುತ್ತವೆ. ಇವುಗಳನ್ನು ಬದಲಿಸಲು ಸಾಧ್ಯವಿದೆ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಸೂಚಿಸುವುದು ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು, ಪೊಟ್ಟಣದ ತಿನಿಸುಗಳಲ್ಲಿರುವುದೂ ಸೇರಿ. ಉಪ್ಪನ್ನು ನಿಧಾನವಾಗಿ ಇಳಿಸಿದರೆ ಕೆಲವೇ ವಾರಗಳಲ್ಲಿ ನಾಲಿಗೆ ಒಗ್ಗಿಕೊಳ್ಳುತ್ತದೆ. ವಾರಕ್ಕೆ ಒಟ್ಟು 150 ನಿಮಿಷ ಬಿರುಸಾಗಿ ನಡೆಯಿರಿ. ತೂಕ ಹೆಚ್ಚಿದ್ದರೆ ಇಳಿಸಿ.

128/82 ಎಂಬುದು 140/90ರ ಗಡಿಗಿಂತ ಕೆಳಗಿದ್ದರೂ, ಒಂದೇ ಅಳತೆಯಿಂದ ಏನನ್ನೂ ನಿರ್ಧರಿಸಲಾಗದು. ಮನೆಯಲ್ಲಿ ಒಂದು ವಾರ ಬೆಳಿಗ್ಗೆ ಮತ್ತು ಸಂಜೆ ಎರಡೆರಡು ಬಾರಿ ಅಳೆದು ಬರೆದಿಡಿ. ಅಳೆಯುವ ಮೊದಲು ಐದು ನಿಮಿಷ ಬೆನ್ನಿಗೆ ಆಸರೆ ಕೊಟ್ಟು, ಪಾದ ನೆಲಕ್ಕೂರಿ, ಮಾತಾಡದೆ ಕುಳಿತಿರಿ. ತೋಳು ಎದೆಯ ಮಟ್ಟದಲ್ಲಿ ಮೇಜಿನ ಮೇಲಿರಲಿ, ಪಟ್ಟಿಯನ್ನು ಅಂಗಿಯ ಮೇಲೆ ಸುತ್ತಬೇಡಿ. ಸರಾಸರಿ 135/85 ಅಥವಾ ಹೆಚ್ಚು ಬಂದರೆ ವೈದ್ಯರಿಗೆ ತೋರಿಸಿ.

ಮರುಪ್ರಶ್ನೆ: ಅಣ್ಣ ಅಳೆಸಿಕೊಳ್ಳಲೂ ಒಪ್ಪುವುದಿಲ್ಲ. ತಲೆನೋವು, ತಲೆಸುತ್ತು ಏನೂ ಇಲ್ಲವಲ್ಲ ಎನ್ನುತ್ತಾನೆ.

ಉತ್ತರ: ನನಗೆ ಹೆಚ್ಚು ಚಿಂತೆಯಾಗುವುದು ಈ ಮಾತಿನಿಂದಲೇ. ಬಹುಪಾಲು ಜನರಲ್ಲಿ ರಕ್ತದೊತ್ತಡಕ್ಕೆ ಯಾವ ಲಕ್ಷಣವೂ ಇರುವುದಿಲ್ಲ. ಹೃದಯದ ಗೋಡೆ ದಪ್ಪವಾಗುವುದೂ ಮೂತ್ರಪಿಂಡ ಸವೆಯುವುದೂ ಸದ್ದಿಲ್ಲದೆ ನಡೆಯುತ್ತವೆ. "ಬಂದಾಗ ಮಾತ್ರೆ" ಎನ್ನುವವರಿಗೆ, ಬಂದದ್ದು ಅಳೆಯದೆ ತಿಳಿಯುವುದಾದರೂ ಹೇಗೆ? ತಂದೆಯವರ ಪಾರ್ಶ್ವವಾಯುವನ್ನು ನೆನಪಿಸಿ ಅವರನ್ನು ಹೆದರಿಸಬೇಡಿ, ಹೆದರಿದವರು ಇನ್ನಷ್ಟು ದೂರ ಸರಿಯುತ್ತಾರೆ. ಅವರೆದುರು ಮೊದಲು ನಿಮ್ಮ ತೋಳಿಗೆ ಪಟ್ಟಿ ಸುತ್ತಿಕೊಂಡು, ಬಂದ ಸಂಖ್ಯೆಯನ್ನು ಬರೆದು, ಅದೇ ಹಾಳೆಯಲ್ಲಿ ಅವರ ಹೆಸರಿಗೂ ಒಂದು ಸಾಲು ಬಿಡಿ.