ಸಹಾಯ ಬೇಕು: ಲಾಯ್ಡ್ ಜಾರ್ಜ್ ಮನೆಗೆ ಬರೆದ ಪತ್ರಗಳಲ್ಲಿನ ವೆಲ್ಷ್ ಮಾತು

ನಮಸ್ಕಾರ. ವೇಲ್ಸ್ ಕಡೆ ಇರುವ ಕನ್ನಡದವರು ಯಾರಾದರೂ ಇಲ್ಲಿದ್ದೀರಾ?

1916ರಿಂದ 1922ರವರೆಗೆ ಬ್ರಿಟನ್ ಪ್ರಧಾನಿಯಾಗಿದ್ದ ಡೇವಿಡ್ ಲಾಯ್ಡ್ ಜಾರ್ಜ್ ಹೆಂಡತಿ ಮಾರ್ಗರೆಟ್‌ಗೆ ಬರೆದ ಕೆಲವು ಪತ್ರಗಳನ್ನು ಸುಮ್ನೆ ಆಸೆಗೆ ಕನ್ನಡಕ್ಕೆ ತರುತ್ತಿದ್ದೇನೆ. ಪತ್ರಗಳು 1973ರಲ್ಲೇ ಪುಸ್ತಕವಾಗಿವೆ. 1890ರ ಉಪಚುನಾವಣೆಯಲ್ಲಿ ಬರೀ 18 ಮತಗಳಿಂದ ಗೆದ್ದು ಇವರು ಲಂಡನ್‌ಗೆ ಹೋದರು, ಆಕೆಗೆ ಆ ಊರು ಹಿಡಿಸಲಿಲ್ಲ, ಹೆಚ್ಚು ಕಾಲ ವೇಲ್ಸ್‌ನ ತಮ್ಮೂರು ಕ್ರಿಕ್ಕಿಯೆತ್‌ನಲ್ಲೇ ಇದ್ದರು, ಹಾಗಾಗಿ ಇಷ್ಟೊಂದು ಪತ್ರ. ಸಂಸದರಿಗೆ 1911ರವರೆಗೆ ಸಂಬಳವೇ ಇರಲಿಲ್ಲ, ಊರಲ್ಲಿ ತಮ್ಮ ವಿಲಿಯಂ ವಕೀಲಿಕೆ ನೋಡಿಕೊಂಡಿದ್ದರಿಂದ ಇವರ ರಾಜಕೀಯ ನಡೆಯಿತು. ನನಗಂತೂ ಭಾಷಣಗಳಿಗಿಂತ ಈ ಮನೆ ಮಾತೇ ಜಾಸ್ತಿ ರುಚಿ.

ತೊಂದರೆ ಏನಂದ್ರೆ, ಅವರ ಮನೆಮಾತು ವೆಲ್ಷ್. ಇಂಗ್ಲಿಷ್‌ನಲ್ಲಿ ಬರೆಯುತ್ತಾ ಬರೆಯುತ್ತಾ ನಡುವೆ ವೆಲ್ಷ್‌ಗೆ ಜಾರುತ್ತಾರೆ, ನಾವು ಮನೆಯವರಿಗೆ ಮೆಸೇಜ್ ಹಾಕುವ ಹಾಗೆ! ‘ಕಾರ್ಯಾದ್’ ಅಂದರೆ ಪ್ರೀತಿ, ಪ್ರಿಯೆ ಅಂತ ಗೊತ್ತು. ಆದರೆ ಗಂಡ ಹೆಂಡತಿಗೆ ಹೇಳುವಾಗ ಅದರ ಸಲಿಗೆ ಎಷ್ಟು? ‘ಪ್ರಿಯೆ’ ಅಂದರೆ ನಾಟಕದ ಮಾತಾಗುತ್ತದೆ, ‘ಚಿನ್ನಾ’ ಅಂದರೆ ಅತಿಯಾಯ್ತು ಅಲ್ವಾ?

ಇನ್ನೊಂದು, ಅವರು ಬೆಳೆದದ್ದು ಸೋದರಮಾವನ ಚಪ್ಪಲಿ ಹೊಲಿಯುವ ಮನೆಯಲ್ಲಿ. ಆ ಊರಿನ ಹೆಸರು (Llanystumdwy) ಶುರುವಾಗುವುದೇ ಎರಡು ‘ಎಲ್’ನಿಂದ. ಆ ಸದ್ದು ನಮ್ಮ ಲ ಅಲ್ಲ, ಳ ಅಲ್ಲ, ಬರೀ ಗಾಳಿ. ಕನ್ನಡದಲ್ಲಿ ಹೇಗೆ ಬರೆಯಲಿ?

ವೆಲ್ಷ್ ಬಲ್ಲ ಸ್ನೇಹಿತರಿದ್ದರೆ ಕೇಳಿ ಹೇಳಿ. ಒಂದು ವಾಯ್ಸ್ ನೋಟ್ ಕಳಿಸಿದರೂ ಸಾಕು.